ಬೂಸಾ ಕಾಲದ ಹಾಸ್ಟೆಲ್ ನೆನಪುಗಳನ್ನು ದಾಖಲಿಸುವುದು ಹೇಗೆ?

ಪ್ರಶ್ನೆ: 1973ರ ಬೂಸಾ ಗಲಾಟೆಯ ಹೊತ್ತಿಗೆ ನಮ್ಮ ತಂದೆ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪದವಿ ಓದುತ್ತಿದ್ದರು. ಅವರ ಜೊತೆಗಾರರಲ್ಲಿ ಸುಮಾರು ಇಪ್ಪತ್ತು ಮಂದಿ ಈಗಲೂ ಸಂಪರ್ಕದಲ್ಲಿದ್ದಾರೆ, ಎಲ್ಲರಿಗೂ ಎಪ್ಪತ್ತು ದಾಟಿದೆ. ಎಂಬತ್ತರ ದಶಕದ ಸಭೆಗಳ 14 ಕ್ಯಾಸೆಟ್, ಒಂದು ಕಟ್ಟು ಕರಪತ್ರ ಮನೆಯಲ್ಲಿವೆ. ನಾವು ನಾಲ್ಕೈದು ಜನ ಸೇರಿ ಇವರ ಮಾತುಗಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಬೇಕು ಅಂದುಕೊಂಡಿದ್ದೇವೆ. ಇದು ಸರಿಯಾದ ದಾರಿಯೆ? ತೀರಾ ತಡವಾಯಿತೆ? ಮುಂದೆ ಇವನ್ನೆಲ್ಲ ಯಾರಿಗೆ ಒಪ್ಪಿಸಬೇಕು?

ಉತ್ತರ: ಮೊದಲು ತಡದ ಮಾತು. ಅಮೆರಿಕದ ಗ್ರೀನ್ಸ್‌ಬೊರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕಟ್ಟೆಯಲ್ಲಿ ಕೂತು ಏಳಲೊಲ್ಲೆವು ಎಂದದ್ದು 1960ರ ಫೆಬ್ರವರಿ 1ರಂದು. ಕಪ್ಪು ಜನರ ನಾಗರಿಕ ಹಕ್ಕುಗಳ ಆ ಹೋರಾಟದಲ್ಲಿದ್ದವರ ಮಾತುಗಳನ್ನು ದೇಶಮಟ್ಟದಲ್ಲಿ ಸಂಗ್ರಹಿಸಬೇಕೆಂದು ಅಲ್ಲಿನ ಸಂಸತ್ತು ಕಾಯ್ದೆ ಮಾಡಿದ್ದು 2009ರಲ್ಲಿ. ಸುಮಾರು ಐವತ್ತು ವರ್ಷ ಕಳೆದ ಮೇಲೂ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಸ್ಮಿತ್‌ಸೋನಿಯನ್ ಸೇರಿ ನೂರಕ್ಕೂ ಹೆಚ್ಚು ಸಂದರ್ಶನ ಮಾಡಿದವು, ಅವು ಇಂದು ಯಾರಿಗೂ ಪುಕ್ಕಟೆ ಸಿಗುತ್ತವೆ. ಆದರೆ ಅದೇ ಕೆಲಸವನ್ನು 1967ರಲ್ಲೇ ಶುರುಮಾಡಿದವರಿದ್ದರು, ಅವರ ಸಂಗ್ರಹ ಈಗ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿದೆ. ವಿದ್ಯಾರ್ಥಿಗಳನ್ನು ಒಂದುಗೂಡಿಸಿ ಎಸ್‌ಎನ್‌ಸಿಸಿ ಎಂಬ ಹೋರಾಟದ ಸಂಘಟನೆ ಹುಟ್ಟಲು ಕಾರಣರಾದ ಎಲಾ ಬೇಕರ್ ಅವರ 1968ರ ಸಂದರ್ಶನ ಆ ಸಂಗ್ರಹದಲ್ಲಿದೆ. ಅವರು 1986ರಲ್ಲಿ ತೀರಿಕೊಂಡರು, 2009ರ ಯೋಜನೆಗೆ ಸಿಗುವಂತಿರಲಿಲ್ಲ. ನಿಮ್ಮ ಇಪ್ಪತ್ತು ಮಂದಿಯ ವಿಚಾರದಲ್ಲೂ ಲೆಕ್ಕ ಇಷ್ಟೇ: ಇರುವವರಿಂದ ಪಡೆಯುವುದು ಬೇಕಾದಷ್ಟಿದೆ, ಕಾಯುವುದಕ್ಕೆ ಮಾತ್ರ ಸಮಯವಿಲ್ಲ. ಪಟ್ಟಿ ಮಾಡುವಾಗ ಹೆಸರು ಮಾಡಿದವರಿಂದ ಶುರುಮಾಡಬೇಡಿ. ಆರೋಗ್ಯ ಕೆಟ್ಟವರು, ಮರೆವು ಶುರುವಾದವರು, ಹಿರಿಯರು ಮೊದಲು. ಗಟ್ಟಿಮುಟ್ಟಾಗಿರುವ ಮುಖಂಡರು ಆರು ತಿಂಗಳು ಕಾದರೂ ನಷ್ಟವಿಲ್ಲ.

ಓದುವ ಬೇರೆಯವರಿಗಾಗಿ ಹಿನ್ನೆಲೆ ಎರಡು ಮಾತಿನಲ್ಲಿ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅವರ ರಾಜೀನಾಮೆ ಕೇಳಿ ಮೇಲ್ಜಾತಿ ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಕೊನೆಗೆ ಸಚಿವ ಸ್ಥಾನ ಬಿಟ್ಟರು. ಆ ದಿನಗಳಲ್ಲಿ ಹಾಸ್ಟೆಲುಗಳಲ್ಲಿ ಒಗ್ಗೂಡಿದ ಹುಡುಗರಲ್ಲಿ ಅನೇಕರು ಮುಂದೆ ದಲಿತ ಸಂಘರ್ಷ ಸಮಿತಿಯ ಬೆನ್ನೆಲುಬಾದರು. ಮಂತ್ರಿಯ ಮಾತು, ರಾಜೀನಾಮೆ, ಮೆರವಣಿಗೆ ಇವು ಪತ್ರಿಕೆಗಳಲ್ಲಿವೆ. ಆ ವಾರ ಹಾಸ್ಟೆಲಿನ ಒಳಗೆ ಏನಾಯಿತು ಎಂಬುದು ಹೆಚ್ಚಾಗಿ ನೆನಪಿನಲ್ಲಷ್ಟೇ ಉಳಿದಿದೆ. ನಿಮ್ಮ ಕೆಲಸದ ಬೆಲೆ ಇರುವುದು ಅಲ್ಲಿ.

ಯೂಟ್ಯೂಬ್ ಯೋಜನೆಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಅಲ್ಲಿಗೆ ಹಾಕುವುದು ಪ್ರಚಾರ, ಸಂರಕ್ಷಣೆಯಲ್ಲ. ಯೂಟ್ಯೂಬ್ ನೀವು ಕೊಟ್ಟ ಫೈಲನ್ನು ಮತ್ತೆ ಕುಗ್ಗಿಸಿ ಜನರಿಗೆ ತೋರಿಸುತ್ತದೆ. ಖಾತೆ ಹೋದರೆ ವಿಡಿಯೊ ಹೋಯಿತು. ಯಾವ ಷರತ್ತಿನ ಮೇಲೆ ಹಿರಿಯರು ಮಾತಾಡಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಐವತ್ತು ವರ್ಷದ ನಂತರ ನಿಮ್ಮನ್ನು ಬಲ್ಲವರು ಯಾರೂ ಇಲ್ಲದಾಗ, ಒಬ್ಬ ಅಪರಿಚಿತ ಆ ಫೈಲನ್ನು ತೆರೆದು ಇದು ಯಾರ ದನಿ, ಯಾವತ್ತಿನದು, ಬಳಸಲು ಅನುಮತಿ ಇದೆಯೆ ಎಂದು ತಿಳಿಯುವಂತಿರಬೇಕು. ಇಷ್ಟಾದರೆ ಮಾತ್ರ ಅದು ದಾಖಲೆ. ಕೆಳಗಿನದೆಲ್ಲ ಆ ಒಂದು ಗುರಿಗಾಗಿ.

ವಿಡಿಯೊಗಿಂತ ಮೊದಲು ದನಿಗೆ ಗಮನ ಕೊಡಿ. ಕ್ಯಾಮೆರಾ, ಲೈಟು ಕಂಡ ಕೂಡಲೇ ಹಿರಿಯರು ಭಾಷಣದ ಧಾಟಿಗೆ ಹೋಗುತ್ತಾರೆ. ಜೂಮ್ ಎಚ್1ಎನ್, ಟ್ಯಾಸ್ಕಾಮ್ ಡಿಆರ್-05ಎಕ್ಸ್ ಥರದ ಸಣ್ಣ ರೆಕಾರ್ಡರ್ ಒಂದು, ಅದಕ್ಕೆ ಚುಚ್ಚುವ ತಂತಿಯ ಕಾಲರ್ ಮೈಕು ಒಂದು, ಕಿವಿ ಮುಚ್ಚುವ ಹೆಡ್‌ಫೋನ್ ಒಂದು ಇದ್ದರೆ ಸಾಕು. ನಾಲ್ಕೈದು ಜನ ಹಂಚಿಕೊಂಡರೆ ಭಾರವಾಗದು. ರೆಕಾರ್ಡರಿನಲ್ಲಿ ವೇವ್ ಫೈಲ್, 48 ಕಿಲೊಹರ್ಟ್ಸ್, 24 ಬಿಟ್ ಎಂದು ಇಟ್ಟುಕೊಳ್ಳಿ. ಎಂಪಿ3 ಬೇಡ, ಅದು ಕುಗ್ಗಿಸುವಾಗ ಬಿಸಾಡಿದ್ದು ಮತ್ತೆ ಬರುವುದಿಲ್ಲ. ಸ್ಟೀರಿಯೊದಲ್ಲಿ ಒಂದು ಗಂಟೆಗೆ ಸುಮಾರು 1.04 ಜಿಬಿ ಆಗುತ್ತದೆ. ಇಪ್ಪತ್ತು ಜನ, ತಲಾ ಎರಡು ಬೈಠಕ್, ಒಂದೊಂದೂ ಒಂದೂವರೆ ಗಂಟೆ ಎಂದರೂ 60 ಗಂಟೆ, ಅಂದರೆ 62 ಜಿಬಿ ಆಸುಪಾಸು. ಇವತ್ತಿನ ಡಿಸ್ಕುಗಳಿಗೆ ಅದು ಏನೇನೂ ಅಲ್ಲ, ಹಾಗಾಗಿ ಜಾಗ ಉಳಿಸಲು ಗುಣಮಟ್ಟ ಇಳಿಸುವ ಪ್ರಶ್ನೆಯೇ ಬರುವುದಿಲ್ಲ. ಮೊಬೈಲೇ ಗತಿ ಎಂದಾದರೆ ವೇವ್‌ನಲ್ಲಿ ಉಳಿಸುವ ಆ್ಯಪ್ ಹಾಕಿಕೊಂಡು, ಹೊರಗಿನ ಮೈಕು ಚುಚ್ಚಿ, ಏರೋಪ್ಲೇನ್ ಮೋಡಿನಲ್ಲಿಟ್ಟು ಮಾಡಿ. ಮಧ್ಯದಲ್ಲಿ ಕರೆ ಬಂದು ರೆಕಾರ್ಡಿಂಗ್ ನಿಂತದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ರೆಕಾರ್ಡರಿನಲ್ಲಿ ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೊ ಲೆವೆಲ್ ಇರುತ್ತದೆ, ಅದನ್ನು ಆರಿಸಿ. ಇಲ್ಲದಿದ್ದರೆ ಹಿರಿಯರು ಮಾತು ನಿಲ್ಲಿಸಿದಾಗಲೆಲ್ಲ ಅದು ಹಿನ್ನೆಲೆಯ ಗುಂಯ್ ಸದ್ದನ್ನು ಎತ್ತಿ ತರುತ್ತದೆ. ಮಾತಿನ ಗಟ್ಟಿ ಭಾಗ ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂತೆ ಕೈಯಲ್ಲೇ ಹೊಂದಿಸಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಮತ್ತೆ ಸರಿಮಾಡಲು ಬಾರದು. ಮೈಕು ಗಲ್ಲದಿಂದ ಒಂದು ಗೇಣು ಕೆಳಗೆ, ಅಂಗಿಯ ಮಡಿಕೆಗೆ ಉಜ್ಜದ ಹಾಗೆ. ಶಾಲು, ಜೇಬಿನ ಪೆನ್ನು, ಸರ ಉಜ್ಜುವ ಸದ್ದು ಬರಿಕಿವಿಗೆ ಕೇಳದು, ಹೆಡ್‌ಫೋನಿನಲ್ಲಿ ಕೇಳುತ್ತದೆ. ಆದ್ದರಿಂದ ಹೋಗುವಾಗ ಇಬ್ಬರು ಹೋಗಿ: ಒಬ್ಬರು ಮಾತಾಡಿಸಲು, ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕೇಳಲು, ಹೆಸರುಗಳನ್ನು ಬರೆದುಕೊಳ್ಳಲು.

ಜಾಗ: ಹಾಲ್ ಬೇಡ, ಮಂಚ, ಪರದೆ, ಪುಸ್ತಕ ತುಂಬಿದ ಸಣ್ಣ ಕೋಣೆ ಒಳ್ಳೆಯದು, ಸದ್ದು ಪ್ರತಿಧ್ವನಿಸುವುದಿಲ್ಲ. ಫ್ಯಾನ್ ಆರಿಸಬೇಕು. ಬೇಸಿಗೆಯಲ್ಲಿ ಇದು ಹಿರಿಯರಿಗೆ ಕಷ್ಟ, ಅದಕ್ಕೇ ಬೆಳಗ್ಗೆ ಹತ್ತರೊಳಗೆ ಕೂತುಕೊಳ್ಳಿ. ಫ್ರಿಜ್ ಆರಿಸಿದರೆ ನಿಮ್ಮ ಬೈಕಿನ ಕೀಯನ್ನು ಅದರೊಳಗೆ ಇಡಿ, ಮತ್ತೆ ಹಾಕುವುದನ್ನು ಮರೆಯದೆ ಹೊರಡುವಿರಿ. ಕುಕ್ಕರ್ ಕೂಗುವ ಹೊತ್ತು ಯಾವುದೆಂದು ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಮಾತು ಶುರುವಾಗುವ ಮುನ್ನ ತಾರೀಕು, ಊರು, ಮಾತಾಡುವವರ ಮತ್ತು ಕೇಳುವವರ ಪೂರ್ತಿ ಹೆಸರು ದನಿಯಲ್ಲೇ ಹೇಳಿ. ಫೈಲಿನ ಹೆಸರು ಬದಲಾಗಿ ಕಾಗದ ಕಳೆದುಹೋದರೂ ಈ ನಾಲ್ಕು ಸಾಲು ದನಿಯೊಳಗೇ ಉಳಿಯುತ್ತದೆ. ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಸದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ, ಮುಂದೆ ಸಂಕಲನ ಮಾಡುವವರಿಗೆ ಬೇಕಾಗುತ್ತದೆ.

ಇನ್ನು ಮಾತಾಡಿಸುವುದು. ಮೊದಲ ಭೇಟಿಗೆ ರೆಕಾರ್ಡರ್ ಒಯ್ಯಬೇಡಿ. ಏನು ಮಾಡುತ್ತಿದ್ದೀರಿ, ಯಾಕೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿವರಿಸಿ, ಹಳೆಯ ಫೋಟೊ, ಹಾಸ್ಟೆಲ್ ಗುರುತಿನ ಚೀಟಿ, ಅಂಕಪಟ್ಟಿ ಇದ್ದರೆ ಹುಡುಕಿಡಲು ಹೇಳಿ ಬನ್ನಿ. ನಿಮ್ಮ ತಂದೆಯವರನ್ನು ನೀವೇ ಸಂದರ್ಶಿಸಬೇಡಿ ಎಂಬುದು ನನ್ನ ಒತ್ತಾಯದ ಸಲಹೆ. ತಾನು ಏಟು ತಿಂದದ್ದು, ಹೆದರಿದ್ದು, ಯಾರದೋ ಮನೆಯ ಹೊರಗೆ ಕೂತು ಉಂಡದ್ದು ಇವನ್ನು ಮಗನೆದುರು, ಮಗಳೆದುರು ಹೇಳಲು ತಂದೆಗೆ ಮನಸ್ಸಾಗುವುದಿಲ್ಲ, ಹೇಳಿದರೂ ಅರ್ಧಕ್ಕೆ ನಿಲ್ಲಿಸುತ್ತಾರೆ. ನಿಮ್ಮ ಗುಂಪಿನ ಬೇರೊಬ್ಬರು ಹೋಗಲಿ, ನೀವು ಅವರ ತಂದೆಯವರ ಬಳಿ ಹೋಗಿ.

ಐವತ್ತು ವರ್ಷದಿಂದ ವೇದಿಕೆಗಳಲ್ಲಿ ಹೇಳಿ ಹೇಳಿ ನಯವಾದ ಒಂದು ಕತೆ ಮುಖಂಡರ ನಾಲಿಗೆಯಲ್ಲಿ ಸಿದ್ಧವಾಗಿರುತ್ತದೆ. ಅದನ್ನು ತಡೆಯಬೇಡಿ, ಮೊದಲ ಇಪ್ಪತ್ತು ನಿಮಿಷ ಅದೇ ಬರಲಿ. ಆಮೇಲೆ ಜಾಗಕ್ಕೆ, ವಸ್ತುವಿಗೆ ಕರೆದೊಯ್ಯಿರಿ. ‘ಬೂಸಾ ಚಳವಳಿಯಲ್ಲಿ ನಿಮ್ಮ ಪಾತ್ರವೇನು?’ ಎಂದು ಕೇಳಿದರೆ ಭಾಷಣ ಬರುತ್ತದೆ. ‘ಆ ಸುದ್ದಿ ಕಿವಿಗೆ ಬಿದ್ದಾಗ ಎಲ್ಲಿದ್ರಿ, ಜೊತೇಲಿ ಯಾರಿದ್ರು?’ ಎಂದರೆ ನೆನಪು ಬರುತ್ತದೆ. ಒಂದು ಕೋಣೆಯಲ್ಲಿ ಎಷ್ಟು ಜನ, ಟ್ರಂಕು ಎಲ್ಲಿಡುತ್ತಿದ್ದರು, ಬೆಳಗ್ಗೆ ತಿಂಡಿ ಏನು, ತಟ್ಟೆ ಯಾರದು, ಸ್ಕಾಲರ್‌ಶಿಪ್ ಹಣ ಯಾವ ತಿಂಗಳು ಕೈಸೇರುತ್ತಿತ್ತು, ಅಲ್ಲಿಯವರೆಗೆ ಸಾಲ ಕೊಡುತ್ತಿದ್ದವರು ಯಾರು, ಊರಿನಿಂದ ಕಾಲೇಜಿಗೆ ಬಂದವರಲ್ಲಿ ಇವರು ಎಷ್ಟನೆಯವರು. ಗಲಾಟೆಯ ರಾತ್ರಿ ಬಾಗಿಲು ಯಾರು ಹಾಕಿದರು, ವಾರ್ಡನ್ ಇದ್ದರೆ, ಮೊದಲು ಊರಿಗೆ ಹೊರಟುಹೋದವರು ಯಾರು, ಉಳಿದವರು ಉಂಡದ್ದು ಏನು. ಒಂದು ದೊಡ್ಡ ಹಾಳೆ ಕೊಟ್ಟು ಹಾಸ್ಟೆಲಿನಿಂದ ಕಾಲೇಜಿಗೆ ನಡೆದುಹೋಗುತ್ತಿದ್ದ ದಾರಿ ಬರೆದು ತೋರಿಸಿ ಎನ್ನಿ. ಪೆನ್ಸಿಲ್ ಆ ತಿರುವಿಗೆ ಬಂದಾಗ ‘ಇಲ್ಲಿ ನಿಂತಿದ್ರು ಅವರು’ ಎಂಬ ಮಾತು ತಾನಾಗಿ ಬರುತ್ತದೆ. ಆ ಹಾಳೆಗೆ ಸಹಿ, ತಾರೀಕು ಹಾಕಿಸಿ ಸಂದರ್ಶನದ ಜೊತೆಗೇ ಇಡಿ. ಕರಪತ್ರಗಳನ್ನೂ ಒಂದೊಂದಾಗಿ ಕೈಗೆ ಕೊಟ್ಟು, ಎಲ್ಲಿ ಅಚ್ಚಾಯಿತು, ದುಡ್ಡು ಯಾರು ಕೊಟ್ಟರು, ಹಂಚಿದವರು ಯಾರು ಎಂದು ಕೇಳಿ. ಬಹಳಷ್ಟು ಕರಪತ್ರಗಳಲ್ಲಿ ತಾರೀಕೇ ಇರುವುದಿಲ್ಲ, ಅದನ್ನು ಹೇಳಬಲ್ಲವರು ಇವರೇ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನು ಕಲಿಯಿರಿ. ಹಿರಿಯರು ನಿಲ್ಲಿಸಿದಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಅನೇಕ ಸಲ ಮುಖ್ಯವಾದದ್ದು ಆ ಮೌನದ ನಂತರ ಬರುತ್ತದೆ, ಅವಸರದ ಮುಂದಿನ ಪ್ರಶ್ನೆ ಅದನ್ನು ನುಂಗಿಹಾಕುತ್ತದೆ. ‘ಹೌದಾ’, ‘ಹ್ಞೂಂ’ ಎಂದು ಪದೇಪದೇ ದನಿಗೂಡಿಸಬೇಡಿ, ತಲೆಯಾಡಿಸಿದರೆ ಸಾಕು. ಒಂದು ಬೈಠಕ್ ತೊಂಬತ್ತು ನಿಮಿಷ ಮೀರದಿರಲಿ. ಅವಮಾನದ ಪ್ರಸಂಗಕ್ಕೆ ಬಂದು ದನಿ ನಡುಗಿದರೆ ಮುಂದುವರಿಸುವುದೋ ಬಿಡುವುದೋ ಅವರನ್ನೇ ಕೇಳಿ, ಬೇಕೆಂದರೆ ರೆಕಾರ್ಡರ್ ಆರಿಸಿ. ಮರುದಿನ ಒಂದು ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸಿಕೊಳ್ಳಿ. ಹಳೆಯ ಗಾಯ ಕೆದಕಿ ಬಂದವರಿಗೆ ಆ ಜವಾಬ್ದಾರಿ ಇದೆ.

ಗುಂಪಿನಲ್ಲಿ ಕೂರಿಸಿ ಮಾತಾಡಿಸುವುದು ಹಾಡುಗಳಿಗೆ, ಘೋಷಣೆಗಳಿಗೆ ಒಳ್ಳೆಯದು. ಆದರೆ ಒಬ್ಬೊಬ್ಬರದೂ ಮುಗಿದ ಮೇಲೆ ಮಾಡಿ. ಮೊದಲೇ ಮಾಡಿದರೆ ಗಟ್ಟಿದನಿಯವರ ನೆನಪು ಎಲ್ಲರ ನೆನಪಾಗಿಬಿಡುತ್ತದೆ, ಆಮೇಲೆ ಬೇರೆ ಬೇರೆಯಾಗಿ ಕೇಳಿದರೂ ಅದೇ ಬರುತ್ತದೆ.

ಯಾರನ್ನು ಕೇಳಬೇಕು ಎಂಬುದರಲ್ಲಿ ದೊಡ್ಡ ತಪ್ಪುಗಳಾಗುತ್ತವೆ. ಗ್ರೀನ್ಸ್‌ಬೊರೊ ಎಂದರೆ ಜಗತ್ತಿಗೆ ನಾಲ್ವರು ಗಂಡುಹುಡುಗರೇ ನೆನಪು. ಅದೇ ಊರಿನ ಬೆನೆಟ್ ಹೆಣ್ಣುಮಕ್ಕಳ ಕಾಲೇಜಿನ ವಿದ್ಯಾರ್ಥಿನಿಯರು ಹಿಂದಿನ ವರ್ಷವೇ ಇಂಥ ಧರಣಿಯ ಚರ್ಚೆ ನಡೆಸಿದ್ದರು, ಶುರುವಾದ ಮೇಲೆ ಕೂತವರಲ್ಲಿ, ಜೈಲಿಗೆ ಹೋದವರಲ್ಲಿ ಅವರು ತುಂಬಾ ಮಂದಿ. ಅವರ ಪಾಲು ಸಾರ್ವಜನಿಕರ ಅರಿವಿಗೆ ಬರಲು ದಶಕಗಳೇ ಹಿಡಿದವು. ನಿಮ್ಮ ಇಪ್ಪತ್ತರ ಪಟ್ಟಿಯಲ್ಲಿ ಹೆಂಗಸರು ಎಷ್ಟು? ಹುಡುಗಿಯರ ಹಾಸ್ಟೆಲಿನಲ್ಲಿದ್ದವರು, ಹಾಸ್ಟೆಲಿನ ಅಡುಗೆಯವರು ಅಥವಾ ಅವರ ಮಕ್ಕಳು, ವಾರ್ಡನ್ನರು, ಗಲಾಟೆಯ ನಂತರ ಓದು ಬಿಟ್ಟು ಊರಿಗೆ ಮರಳಿದವರು, ಚಳವಳಿಯಿಂದ ದೂರ ಉಳಿದವರು, ಇವರನ್ನು ಹುಡುಕಿ. ಒಬ್ಬೊಬ್ಬರ ಸಂದರ್ಶನದ ಕೊನೆಗೂ ‘ಇನ್ನು ಯಾರನ್ನು ಕೇಳಬೇಕು?’ ಎಂಬ ಪ್ರಶ್ನೆ ಇರಲಿ. ಬಸವಲಿಂಗಪ್ಪನವರ ವಿರುದ್ಧ ಮೆರವಣಿಗೆಯಲ್ಲಿದ್ದವರೂ ಈಗ ಅದೇ ವಯಸ್ಸಿನವರು. ಅವರಲ್ಲಿ ಕೆಲವರು ಮಾತಾಡಲು ಒಪ್ಪಿದರೆ ಬಿಡಬೇಡಿ, ಅದು ನಿಮ್ಮ ತಂದೆಯವರ ಮಾತಿಗೆ ಪೆಟ್ಟಲ್ಲ, ಪೂರಕ ಸಾಕ್ಷ್ಯ.

ತಾರೀಕುಗಳು ತಪ್ಪುತ್ತವೆ. ಅದು ಸುಳ್ಳು ಹೇಳುವುದಲ್ಲ. ಇಟಲಿಯ ತೆರ್ನಿ ಎಂಬ ಉಕ್ಕಿನ ಊರಲ್ಲಿ ಒಬ್ಬ ಕಾರ್ಮಿಕ 1949ರ ಪ್ರತಿಭಟನೆಯೊಂದರಲ್ಲಿ ಪೊಲೀಸರ ಗುಂಡಿಗೆ ಸತ್ತ. ದಶಕಗಳ ನಂತರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಎಂಬ ವಿದ್ವಾಂಸರು ಊರವರನ್ನು ಮಾತಾಡಿಸಿದಾಗ ಬಹಳ ಜನ ಆ ಸಾವನ್ನು 1953ರ ಸಾಮೂಹಿಕ ವಜಾದ ಗಲಾಟೆಗೆ ಒಯ್ದಿದ್ದರು. ಊರಿಗೆ ಹೆಚ್ಚು ನೋವು ಕೊಟ್ಟ ಘಟನೆ ಆ ಸಾವನ್ನೂ ತನ್ನೆಡೆಗೆ ಸೆಳೆದುಕೊಂಡಿತ್ತು. ನಿಮ್ಮಲ್ಲೂ 1973ರ ಹಲ್ಲೆ, ತುರ್ತು ಪರಿಸ್ಥಿತಿಯ ಬಂಧನ, ಆಮೇಲಿನ ಜಾಥಾ ಒಂದರೊಳಗೊಂದು ಬೆರೆಯಬಹುದು. ಹಿರಿಯರನ್ನು ಅಲ್ಲೇ ತಿದ್ದಬೇಡಿ. ಆಸರೆಗೆ ಗೂಟಗಳನ್ನು ಕೊಡಿ: ಅರಸು ಮುಖ್ಯಮಂತ್ರಿಯಾದದ್ದು 1972, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು 1973ರ ನವೆಂಬರ್ 1, ತುರ್ತು ಪರಿಸ್ಥಿತಿ 1975ರ ಜೂನ್ 25. ‘ಅದು ಕರ್ನಾಟಕ ಅಂತ ಹೆಸರಿಟ್ಟ ಸಂಭ್ರಮದ ಹಿಂದೆಯೇ ಆದದ್ದೋ, ಎಮರ್ಜೆನ್ಸಿ ಕಾಲದ್ದೋ?’ ಎಂದು ಕೇಳಿದರೆ ಅವರೇ ಸರಿಮಾಡಿಕೊಳ್ಳುತ್ತಾರೆ. ಉಳಿದ ವ್ಯತ್ಯಾಸವನ್ನು ಆ ಕಾಲದ ಪತ್ರಿಕೆಗಳು, ವಿಧಾನಮಂಡಲದ ನಡವಳಿಗಳ ಜೊತೆ ಹೋಲಿಸಿ ಪ್ರತ್ಯೇಕ ಟಿಪ್ಪಣಿಯಲ್ಲಿ ಬರೆದಿಡಿ. ಮೂಲ ದನಿಯನ್ನು ಮುಟ್ಟಬೇಡಿ.

ಒಪ್ಪಿಗೆ ಪತ್ರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳ್ಳೆಯ ಸಂಗ್ರಹಗಳು ಕಪಾಟಿನಲ್ಲೇ ಕೊಳೆಯುವುದಕ್ಕೆ ಬಹುಸಾರಿ ಕಾರಣ ಇದರ ಕೊರತೆ. ರೆಕಾರ್ಡ್ ಮಾಡಿದ ಮಾತ್ರಕ್ಕೆ ಆ ಮಾತುಗಳು ನಿಮ್ಮವಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಅರ್ಥ ಮಾಡಲಾಗುತ್ತದೆ. ಅನುಮತಿ ಕೊಡುವ ಪತ್ರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ‘ನನ್ನ ಮಾತುಗಳನ್ನು ಬಳಸಲು ಒಪ್ಪಿಗೆಯಿದೆ’ ಎಂಬ ಒಂದೇ ಸಾಲಿನ ಪತ್ರದಿಂದ ಆರನೇ ವರ್ಷಕ್ಕೆ ತೊಡಕು ಶುರುವಾಗುತ್ತದೆ. ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ, ಅಂತರ್ಜಾಲವೂ ಸೇರಿ, ಶಿಕ್ಷಣ ಮತ್ತು ಸಂಶೋಧನೆಗಾಗಿ’ ಎಂದು ಬಿಡಿಸಿ ಬರೆಯಿರಿ, ಮುಂದೆ ಸಂಗ್ರಹಾಲಯಕ್ಕೆ ಒಪ್ಪಿಸುವ ಹಕ್ಕನ್ನೂ ಸೇರಿಸಿ. ಬಲ್ಲ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ.

ಪತ್ರ ಕನ್ನಡದಲ್ಲಿರಲಿ, ಗಟ್ಟಿಯಾಗಿ ಓದಿ ಹೇಳಿ. ಆಯ್ಕೆಗಳು ಇರಲಿ: ಈಗಲೇ ಎಲ್ಲರಿಗೂ ತೆರೆಯಬಹುದು, ಇಷ್ಟು ವರ್ಷದ ನಂತರ, ಸಂಗ್ರಹಾಲಯಕ್ಕೆ ಬಂದವರಿಗೆ ಮಾತ್ರ, ಹೆಸರು ಮರೆಮಾಡಿ. ಸಹಿ ಸಂದರ್ಶನಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ. ತಾನು ಏನು ಹೇಳುತ್ತೇನೆಂದು ಮುಂಚೆ ಯಾರಿಗೂ ಗೊತ್ತಿರುವುದಿಲ್ಲವಲ್ಲ. ಹೆಬ್ಬೆಟ್ಟಾದರೆ ಸಾಕ್ಷಿ ಸಹಿ ಇರಲಿ. ಅವರು ತೀರಿಕೊಂಡ ಮೇಲೆ ಯಾರನ್ನು ಸಂಪರ್ಕಿಸಬೇಕು ಎಂಬ ಒಂದು ಹೆಸರನ್ನೂ ಬರೆಸಿ. ಹೋರಾಟದ ಹಾಡು ಹಾಡಿದರೆ ಬರೆದವರು ಯಾರೆಂದು ಗುರುತಿಸಿಕೊಳ್ಳಿ, ಹಾಡಿನ ಹಕ್ಕು ಹಾಡಿದವರದಾಗಿರಬೇಕಿಲ್ಲ.

‘ಇಂಥವರೇ ಕಲ್ಲು ಹೊಡೆದದ್ದು’ ಎಂದು ಹೆಸರು ಹೇಳುವ ಭಾಗಗಳು ಬಂದೇ ಬರುತ್ತವೆ. ಬದುಕಿರುವವರ ವಿಷಯದಲ್ಲಿ ಮಾತ್ರವಲ್ಲ, ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ ಸತ್ತವರ ಬಗ್ಗೆ ಆಡಿದ್ದೂ ನಮ್ಮ ಕಾನೂನಿನಲ್ಲಿ ಮಾನನಷ್ಟವಾಗಬಹುದು. ಮೂಲ ಪ್ರತಿಯಲ್ಲಿ ಅದು ಹಾಗೆಯೇ ಇರಲಿ. ಸಾರ್ವಜನಿಕ ಪ್ರತಿಯಲ್ಲಿ ಆ ತುಣುಕನ್ನು ತೆಗೆದು, ‘ಇಲ್ಲಿ ಇಷ್ಟು ಸೆಕೆಂಡು ತೆಗೆಯಲಾಗಿದೆ, ಇಂಥ ವರ್ಷ ತೆರೆಯುತ್ತದೆ’ ಎಂದು ನಮೂದಿಸಿ. ಆದರೆ ಉಳಿಸಿಕೊಳ್ಳಲಾಗದ ಮಾತು ಕೊಡಬೇಡಿ. ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿದ್ದವರನ್ನು ಬಾಸ್ಟನ್ ಕಾಲೇಜಿನ ಯೋಜನೆಯೊಂದು ‘ನೀವು ಸಾಯುವವರೆಗೆ ಯಾರಿಗೂ ಕೊಡುವುದಿಲ್ಲ’ ಎಂಬ ಭರವಸೆಯ ಮೇಲೆ ಮಾತಾಡಿಸಿತ್ತು. 2011ರಲ್ಲಿ ಪೊಲೀಸ್ ತನಿಖೆಗಾಗಿ ಕೋರ್ಟಿನ ಮೂಲಕ ಆ ಟೇಪುಗಳನ್ನು ಕೇಳಲಾಯಿತು, ಕೆಲವನ್ನು ಒಪ್ಪಿಸಬೇಕಾಯಿತು. ನಿಮ್ಮ ಪತ್ರದಲ್ಲಿ ‘ಕಾನೂನು ಬಿಡುವ ಮಟ್ಟಿಗೆ ಗುಟ್ಟಾಗಿಡುತ್ತೇವೆ’ ಎಂದೇ ಇರಲಿ. ಇನ್ನೂ ಕೇಸಾಗಬಹುದಾದ ವಿಷಯವಿದ್ದರೆ ಅದನ್ನು ರೆಕಾರ್ಡ್ ಮಾಡಬೇಕೆ ಎಂದು ಅವರೇ ಯೋಚಿಸಿ ಹೇಳಲಿ.

ಕ್ಯಾಸೆಟ್‌ಗಳ ವಿಷಯ ಈಗ. ಈ 14 ಕ್ಯಾಸೆಟ್ ನಿಮ್ಮ ಇಡೀ ಸಂಗ್ರಹದಲ್ಲೇ ಅಮೂಲ್ಯವಾದದ್ದಾಗಿರಬಹುದು. ನೆನಪನ್ನು ಹಿರಿಯರು ಇರುವವರೆಗೆ ಮತ್ತೆ ಹೇಳಿಸಬಹುದು, ಆ ಹೊತ್ತಿನ ಸಭೆಯ ಸದ್ದು ಮತ್ತೆ ಹುಟ್ಟುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೇಡಿಯೊದವರು 1965ರ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣ ಸೀಮೆ ಸುತ್ತಿ ಸಭೆಗಳನ್ನು, ಕಾರ್ಯಕರ್ತರ ಮಾತುಗಳನ್ನು ರೆಕಾರ್ಡ್ ಮಾಡಿದ್ದರು. ಆಗ ಹುಡುಗರು ಮಾಡಿದ ಆ ಕೆಲಸವನ್ನು ಇವತ್ತಿಗೂ ಇತಿಹಾಸಕಾರರು ಹುಡುಕಿಕೊಂಡು ಹೋಗುತ್ತಾರೆ.

ದಯವಿಟ್ಟು ಒಂದನ್ನೂ ಮನೆಯ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿ ‘ಬರುತ್ತಾ ನೋಡೋಣ’ ಎಂದು ಪರೀಕ್ಷಿಸಬೇಡಿ. ಮೊದಲು ಕ್ಯಾಸೆಟ್ಟಿನ ಮೇಲಂಚಿನ, ಅಂದರೆ ಟೇಪು ಕಾಣದ ಕಡೆಯ, ಎರಡು ತುದಿಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೂರುವುದಿಲ್ಲ, ಅಳಿಸಿಹೋಗುವ ಭಯವಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಕಿಟಕಿಯೊಳಗೆ ನೋಡಿ. ಸುತ್ತಿದ ಟೇಪಿನ ಬದಿ ಕಂದು ಅಥವಾ ಕಪ್ಪಾಗಿ ನುಣ್ಣಗಿರಬೇಕು. ಬಿಳಿ ಪುಡಿ, ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ. ಅಂಥದನ್ನು ಓಡಿಸಿದರೆ ಬೂಷ್ಟು ಯಂತ್ರದಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಅದನ್ನು ಬೇರೆ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಟ್ಟು ವೃತ್ತಿಯವರಿಗೇ ಕೊಡಿ. ಟೇಪಿನ ಹಿಂದೆ, ಕೆಳಗಡೆ ನಡುವೆ ಸ್ಪ್ರಿಂಗಿನ ಮೇಲೆ ಒಂದು ಚೂರು ಫೆಲ್ಟ್ ಬಟ್ಟೆ ಇರುತ್ತದೆ, ಟೇಪನ್ನು ಹೆಡ್ಡಿಗೆ ಒತ್ತುವುದು ಅದೇ. ಅಂಟು ಒಣಗಿ ಅದು ಉದುರಿದ್ದರೆ ದನಿ ಮಂಕಾಗಿ ಬಂದುಹೋಗಿ ಆಗುತ್ತದೆ. ಐದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಎರಡೂ ಚಕ್ರಗಳನ್ನು ಟೇಪಿನ ಸಮೇತ ಇನ್ನೊಂದು ಒಳ್ಳೆಯ ಖಾಲಿ ಡಬ್ಬಿಗೆ ವರ್ಗಾಯಿಸಬಹುದು. ಟೇಪಿಗೆ ಬೆರಳು ತಾಗಿಸಬೇಡಿ.

ಕಂಪ್ಯೂಟರಿಗೆ ನೇರ ಚುಚ್ಚುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರುಗಳು ಈ ಕೆಲಸಕ್ಕೆ ಬೇಡ, ಅವುಗಳ ಓಟವೇ ನೆಟ್ಟಗಿರುವುದಿಲ್ಲ, ದನಿ ಅಲೆಯುತ್ತದೆ. ಬೆಲ್ಟು, ರಬ್ಬರ್ ರೋಲರ್ ಬದಲಿಸಿ ರಿಪೇರಿ ಮಾಡಿಸಿದ ಹಳೆಯ ಒಳ್ಳೆಯ ಡೆಕ್ ಹುಡುಕಿ. ಪ್ರತಿ ಕ್ಯಾಸೆಟ್ಟಿಗೂ ಮುಂಚೆ ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹೆಡ್ ಒರೆಸಿ ಒಣಗಲು ಬಿಡಿ. ಟೇಪನ್ನು ಕೊನೆಯವರೆಗೆ ಒಮ್ಮೆ ಮುಂದೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಡೆಕ್‌ನ ಲೈನ್-ಔಟ್‌ನಿಂದ ರೆಕಾರ್ಡರಿನ ಲೈನ್-ಇನ್‌ಗೆ ತಂತಿ ಹಾಕಿ, ಹೆಡ್‌ಫೋನ್ ತೂತಿನಿಂದ ಬೇಡ. ಪ್ರತಿ ಕ್ಯಾಸೆಟ್ಟೂ ಬೇರೆ ಬೇರೆ ಯಂತ್ರದಲ್ಲಿ ರೆಕಾರ್ಡಾದದ್ದು, ಹೆಡ್ಡಿನ ವಾಲು ಬೇರೆಯಿರುತ್ತದೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ‘ಸ’, ‘ಶ’ ಅಕ್ಷರಗಳು ಅತಿ ಸ್ಪಷ್ಟವಾಗುವ ಕಡೆ ನಿಲ್ಲಿಸಿ. ಮಂಕಾದ ಎಷ್ಟೋ ಕ್ಯಾಸೆಟ್ಟುಗಳು ಇದೊಂದರಿಂದಲೇ ಬದುಕುತ್ತವೆ. 96 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಉಳಿಸಿ, ತೊಂಬತ್ತು ನಿಮಿಷದ 14 ಕ್ಯಾಸೆಟ್‌ಗೆ ಸುಮಾರು 43 ಜಿಬಿ. ಸದ್ದು ತೆಗೆಯುವ ಸಾಫ್ಟ್‌ವೇರನ್ನು ಮೂಲ ಪ್ರತಿಗೆ ಮುಟ್ಟಿಸಬೇಡಿ, ಕೇಳುವ ಪ್ರತಿಗೆ ಬೇಕಾದರೆ ಮಾಡಿ. ಕ್ಯಾಸೆಟ್ಟಿನ ಚೀಟಿ, ಡಬ್ಬಿಯ ಎರಡೂ ಬದಿಯ ಫೋಟೊ ತೆಗೆದಿಡಿ. ಡಿಜಿಟಲ್ ಆದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.

ಕರಪತ್ರಗಳಿಗೆ ಲ್ಯಾಮಿನೇಷನ್, ಸೆಲೋಟೇಪು ಎರಡೂ ಶತ್ರು. ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ತೆಗೆದು, ಎರಡೂ ಬದಿಯನ್ನು 600 ಡಿಪಿಐನಲ್ಲಿ ಟಿಫ್ ಆಗಿ ಸ್ಕ್ಯಾನ್ ಮಾಡಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಚಪ್ಪಟೆಯಾಗಿಡಿ.

ಬರಹಕ್ಕೆ ಇಳಿಸುವುದು ಎಲ್ಲಕ್ಕಿಂತ ನಿಧಾನದ ಕೆಲಸ. ಒಂದು ಗಂಟೆಯ ಮಾತಿಗೆ ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಆದ್ದರಿಂದ ಮೊದಲು ಎಲ್ಲ ಸಂದರ್ಶನಗಳಿಗೂ ಸಮಯಸೂಚಿ ಮಾಡಿ: ಪ್ರತಿ ನಾಲ್ಕೈದು ನಿಮಿಷಕ್ಕೆ ಒಂದು ಸಾಲು, ಅಲ್ಲಿ ಬಂದ ಊರು, ಜನ, ಘಟನೆ. ಪೂರ್ತಿ ಬರಹ ಆಮೇಲೆ. ಕೆಂಟಕಿ ವಿಶ್ವವಿದ್ಯಾಲಯದವರು ಮಾಡಿ ಪುಕ್ಕಟೆ ಕೊಡುವ ಓಮ್ಸ್ ಎಂಬ ತಂತ್ರಾಂಶ ಸೂಚಿಯ ಸಾಲನ್ನು ಒತ್ತಿದರೆ ದನಿಯ ಆ ಜಾಗಕ್ಕೇ ಒಯ್ಯುತ್ತದೆ. ಚಾಮರಾಜನಗರದವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ‘ವೋಗಿದ್ದಿ’ ಎಂದರೆ ಹಾಗೆಯೇ ಬರೆಯಿರಿ. ಯಂತ್ರದಿಂದ ಬರೆಸಿದರೆ ಅದು ಕರಡು ಮಾತ್ರ. ಆಡುಮಾತು, ಊರು, ಜನರ ಹೆಸರು ತಪ್ಪುತ್ತವೆ, ಮೌನ ಇದ್ದ ಕಡೆ ಯಾರೂ ಆಡದ ವಾಕ್ಯವನ್ನು ಅದು ಹುಟ್ಟಿಸಿಬಿಡುವುದೂ ಉಂಟು. ಬೆರಳಚ್ಚು ಯೂನಿಕೋಡಿನಲ್ಲೇ ಇರಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದ ಕಡತಗಳು ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಹುಡುಕಲೂ ಬರುವುದಿಲ್ಲ.

ಇಡುವ ಕ್ರಮ: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಎರಡು ಕಂಪನಿಯ ಹಾರ್ಡ್ ಡಿಸ್ಕ್ ಕೊಂಡು, ಒಂದು ಮೈಸೂರಿನಲ್ಲಿ, ಇನ್ನೊಂದು ಗುಂಪಿನ ಬೇರೆ ಊರಿನವರ ಬಳಿ, ಮೂರನೆಯದು ಕ್ಲೌಡಿನಲ್ಲಿ. ಪುಕ್ಕಟೆ ಗೂಗಲ್ ಖಾತೆ ಎರಡು ವರ್ಷ ಬಳಸದೆ ಬಿಟ್ಟರೆ ಒಳಗಿರುವುದೆಲ್ಲ ಅಳಿಸಿಹೋಗಬಹುದು, ಹಾಗಾಗಿ ಒಬ್ಬರ ಹೆಸರಲ್ಲಷ್ಟೇ ಇಡಬೇಡಿ. ವಾಟ್ಸ್ಆ್ಯಪಿನಲ್ಲಿ ವಿಡಿಯೊ ಕಳಿಸಿದರೆ ಅದು ಕುಗ್ಗಿಸುತ್ತದೆ, ಏನೇ ಕಳಿಸಿದರೂ ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ, ಜಾಗ ಬಿಡದೆ, ವರ್ಷ-ತಿಂಗಳು-ದಿನದ ಕ್ರಮದಲ್ಲಿರಲಿ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಮೊತ್ತ, ಅಂದರೆ ಫೈಲು ಚೂರು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ, ತೆಗೆದು ಪಟ್ಟಿ ಮಾಡಿ. ವರ್ಷಕ್ಕೊಮ್ಮೆ ಮತ್ತೆ ತೆಗೆದು ಹೋಲಿಸಿದರೆ ಸದ್ದಿಲ್ಲದೆ ಕೆಟ್ಟ ಫೈಲು ಸಿಕ್ಕಿಬೀಳುತ್ತದೆ, ಒಳ್ಳೆಯ ಪ್ರತಿಯಿಂದ ಬದಲಿಸಬಹುದು. ಡಿಸ್ಕನ್ನು ಐದು ವರ್ಷಕ್ಕೊಮ್ಮೆ ಹೊಸತು ಮಾಡಿ.

ಯಾರಿಗೆ ಒಪ್ಪಿಸುವುದು? ‘ಈಗಲೇ ತೆರೆಯಬಹುದು’ ಎಂದವರ ಸಂದರ್ಶನಗಳನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ವೇವ್ ರೂಪದಲ್ಲೇ ಪುಕ್ಕಟೆ ಇಡಬಹುದು. ಮುಚ್ಚಿಡಬೇಕಾದದ್ದನ್ನು ಅಲ್ಲಿ ಹಾಕಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಂಥ ಕಡೆ ಕೇಳಿ ನೋಡಿ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆರ್ಕೈವ್ಸ್ ಮುಖ್ಯವಾಗಿ ವಿಜ್ಞಾನದ ಇತಿಹಾಸದ್ದಾದರೂ ಮೌಖಿಕ ಇತಿಹಾಸ ಇಡುವ ಕ್ರಮ ಅರಿಯಲು ಹೋಗಿ ನೋಡಬೇಕಾದ ಜಾಗ. ಎಲ್ಲಿಗೇ ಹೋದರೂ ದೊಡ್ಡ ಹೆಸರಿಗೆ ಮರುಳಾಗದೆ ಕೇಳಬೇಕಾದದ್ದು: ಮೂಲ ವೇವ್ ಫೈಲನ್ನೇ ಇಡುತ್ತೀರಾ, ಎಷ್ಟು ಪ್ರತಿ ಎಲ್ಲೆಲ್ಲಿ, ಮುಚ್ಚಿದ ಭಾಗವನ್ನು ಮುಚ್ಚಿಯೇ ಇಡುವ ವ್ಯವಸ್ಥೆ ಏನು, ಹಳ್ಳಿಯಿಂದ ಬಂದ ಸಾಮಾನ್ಯರಿಗೆ ಕೇಳಲು ಬಿಡುತ್ತೀರಾ, ಮುಂದೊಂದು ದಿನ ನಿಮಗೆ ಬೇಡವಾದರೆ ನಮಗೆ ಹಿಂದಿರುಗಿಸುತ್ತೀರಾ. ಉತ್ತರಗಳು ಬರಹದಲ್ಲಿರಲಿ.

ಇಲ್ಲಿ ಎಸ್‌ಎನ್‌ಸಿಸಿಯ ಹಿರಿಯರು ಮಾಡಿದ್ದನ್ನು ಗಮನಿಸಿ. ಅವರು ಡ್ಯೂಕ್ ವಿಶ್ವವಿದ್ಯಾಲಯದ ಜೊತೆ ಸೇರಿ ತಮ್ಮ ಇತಿಹಾಸದ ಅಂತರ್ಜಾಲ ಸಂಗ್ರಹ ಕಟ್ಟಿದಾಗ ಕಡತ ಒಪ್ಪಿಸಿ ಹೊರಬರಲಿಲ್ಲ. ಕ್ಯಾಂಪಸ್ಸಿಗೇ ಬಂದಿದ್ದು, ಏನು ಬರೆಯಬೇಕು, ಹೇಗೆ ಹೇಳಬೇಕು ಎಂಬ ತೀರ್ಮಾನಗಳಲ್ಲಿ ಪಾಲುದಾರರಾದರು. ಒಡಂಬಡಿಕೆಯಲ್ಲಿ ನಿಮ್ಮ ಗುಂಪಿನ ಇಬ್ಬರಿಗೆ, ಹಿರಿಯರಲ್ಲಿ ಒಬ್ಬರಿಗೆ ವಿವರಣೆಗಳನ್ನು ನೋಡಿ ತಿದ್ದುವ ಹಕ್ಕು ಇರಬೇಕೆಂದು ಕೇಳಿ. ಮೂಲ ಕ್ಯಾಸೆಟ್, ಕರಪತ್ರಗಳನ್ನು ಕೊಡುವ ಮುನ್ನ ಪಟ್ಟಿ ಮಾಡಿ, ಒಂದೊಂದಕ್ಕೂ ಸಂಖ್ಯೆ ಹಾಕಿ, ಸ್ವೀಕೃತಿಗೆ ಮೊಹರಿನ ಸಹಿ ಪಡೆಯಿರಿ. ಮಾತಾಡಿದ ಪ್ರತಿಯೊಬ್ಬರ ಮನೆಗೂ ಅವರ ಸಂದರ್ಶನದ ಒಂದು ಪೆನ್‌ಡ್ರೈವ್, ದಪ್ಪಕ್ಷರದಲ್ಲಿ ಅಚ್ಚುಮಾಡಿದ ಬರಹ, ಅವರು ಸಹಿ ಹಾಕಿದ ಒಪ್ಪಿಗೆ ಪತ್ರದ ನಕಲು ಸಂಗ್ರಹಾಲಯಕ್ಕಿಂತ ಮೊದಲು ತಲುಪಬೇಕು.